ತೃಪ್ತಿಯೋ, ಕೃತಜ್ಞತೆಯೋ?

ಅಂಗಬಲ ಕುಂದಿದ ಮಗುವನ್ನು, ಕಿವಿ ಕೇಳದ ಅಥವಾ ಮಾತು ಬಾರದ ಮಗುವನ್ನು ತನ್ನ ಶಕ್ತಿಯಿದ್ದಷ್ಟು ಮಟ್ಟಿಗೆ ಸ್ವತಂತ್ರವಾಗಿ ಬಾಳುವಂತೆ ಅಣಿಗೊಳಿಸುವ ವೈದ್ಯಶಾಖೆಗೆ ಪುನಶ್ಚೇತನ ಚಿಕಿತ್ಸೆಯೆಂದು ಹೆಸರು. ಜ್ವರದ ಚಿಕಿತ್ಸೆಗೂ ಇದಕ್ಕೂ ಮೂಲಭೂತವಾದ ಭೇದವೊಂದುಂಟು. ಜ್ವರ ಬಿಟ್ಟೊಡನೆ ವೈದ್ಯರ ಸಂಬಂಧ ಮುಗಿಯುತ್ತದೆ. ಇಲ್ಲಿ ಅದು ವರ್ಷಗಟ್ಟಲೆ ಸಾಗುತ್ತದೆ. ಸೆರೆಬ್ರಲ್ ಪಾಲ್ಸಿಗೆ ತುತ್ತಾದ ಮಗುವನ್ನು ವಾರಕ್ಕೆರಡು ಬಾರಿ, ಅರ್ಧರ್ಧ ಗಂಟೆ ವ್ಯಾಯಾಮಕ್ಕೆ ಕರೆದೊಯ್ಯುತ್ತಾರೆಂದು ಭಾವಿಸೋಣ. ವಾರದ 168 ಗಂಟೆಗಳಲ್ಲಿ ಚಿಕಿತ್ಸಕರ ಪಾಲಿಗೆ ಬಂದದ್ದು ಒಂದು. ಉಳಿದ 167 ಮನೆಯವರ ಪಾಲಿನವು. ಮಗುವನ್ನು ಹೇಗೆ ಎತ್ತಬೇಕು, ಹೇಗೆ ಕೂರಿಸಬೇಕು, ಯಾವ ಭಂಗಿಯಲ್ಲಿ ತುತ್ತುಣಿಸಬೇಕು ಎಂಬುದು ತಾಯಿಗೆ ತಿಳಿಯದಿದ್ದರೆ, ಆ ಒಂದು ಗಂಟೆಯ ಶ್ರಮ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಆದಕಾರಣ, ಈ ಚಿಕಿತ್ಸೆಯ ಗುಣಮಟ್ಟವನ್ನು ಅಳೆಯಹೊರಟವರು ಮನೆಯವರ ಅಭಿಪ್ರಾಯವನ್ನು ಕೇಳಲೇಬೇಕು. ಆದರೆ ಕೇಳುವ ಬಗೆ ಯಾವುದು? "ನಿಮಗೆ ತೃಪ್ತಿಯಾಯಿತೇ?" ಎಂದರೆ ನಮ್ಮ ಹಳ್ಳಿಯ ತಂದೆ ಏನೆಂದಾನು? "ದೇವರಂಥ ಡಾಕ್ಟ್ರು ಸ್ವಾಮಿ" ಎಂದು ಕೈಮುಗಿದಾನು. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಬಾಗಿಲಲ್ಲಿ ಅರ್ಧ ದಿನ ಕಾದದ್ದು—ಯಾವುದನ್ನೂ ಆಡಲಾರ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾದವನು ಆ ಬಾಗಿಲನ್ನು ಹಳಿಯುವುದುಂಟೇ?

ಅವನು ತೋರಿದ್ದು ಕೃತಜ್ಞತೆ. ಮಾಡಿದ ಉಪಕಾರವನ್ನು ಬಲ್ಲವನು ಕೃತಜ್ಞ; ಉಪಕಾರ ಅಲ್ಪವಾದರೂ ಆ ಗುಣ ಅಲ್ಪವಲ್ಲ. ತೃಪ್ತಿಯಾದರೋ ಬೇಕಾದದ್ದು ದೊರೆತಾಗ ಹುಟ್ಟುವಂಥದು. ಏನನ್ನು ಕೇಳಬಹುದೆಂಬುದೇ ತಿಳಿಯದವನಿಗೆ ದೊರೆತಷ್ಟೂ ಹೆಚ್ಚೇ. ಈ ಎರಡು ಪದಗಳನ್ನು ಒಂದೆಂದು ಎಣಿಸಿ ವರದಿ ಬರೆದರೆ, ಬಡವನ ಸೌಜನ್ಯವೇ ಆಸ್ಪತ್ರೆಯ ಕೀರ್ತಿಪತ್ರವಾಗುತ್ತದೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಕ್ಯಾನ್‌ಚೈಲ್ಡ್ ಸಂಶೋಧನಾ ಕೇಂದ್ರದವರು 1990ರ ದಶಕದಲ್ಲಿ ಈ ತೊಡಕಿಗೆ ಒಂದು ದಾರಿ ಕಂಡುಕೊಂಡರು. ಅವರು ರಚಿಸಿದ 56 ಪ್ರಶ್ನೆಗಳ ಪಟ್ಟಿ ಅನಂತರ, 2004ರಲ್ಲಿ, 20 ಪ್ರಶ್ನೆಗಳಿಗೆ ಇಳಿಯಿತು. "ಸಂತೋಷವಾಯಿತೇ?" ಎಂದು ಅದು ಕೇಳುವುದಿಲ್ಲ, ಇಂಥಿಂಥದು ಎಷ್ಟರ ಮಟ್ಟಿಗೆ ನಡೆಯಿತು ಎಂದು ಕೇಳಿ, ಒಂದರಿಂದ ಏಳರವರೆಗೆ ಅಂಕವಿಡಲು ಹೇಳುತ್ತದೆ. ನಿರ್ಧಾರದಲ್ಲಿ ತಂದೆತಾಯಿಗಳನ್ನು ಜೊತೆಗೂಡಿಸಿಕೊಂಡರೇ, ಸಾಮಾನ್ಯ ತಿಳಿವಳಿಕೆ ಕೊಟ್ಟರೇ, ಅವರದೇ ಮಗುವಿನ ಸ್ಥಿತಿಯನ್ನು ವಿವರಿಸಿದರೇ, ಬೇರೆ ಬೇರೆ ತಜ್ಞರ ಆರೈಕೆಯಲ್ಲಿ ಹೊಂದಾಣಿಕೆಯಿತ್ತೇ, ಗೌರವವೂ ಆಸರೆಯೂ ದೊರೆತವೇ—ಇವು ಅದರ ಐದು ವಿಭಾಗಗಳು. ಅನೇಕ ದೇಶಗಳಲ್ಲಿ ಇದನ್ನು ಪ್ರಯೋಗಿಸಿದಾಗ ಸಾಮಾನ್ಯವಾಗಿ ಗೌರವದ ವಿಭಾಗಕ್ಕೆ ಒಳ್ಳೆಯ ಅಂಕಗಳು ಬಂದಿವೆ. ಸಾಮಾನ್ಯ ತಿಳಿವಳಿಕೆಯ ವಿಭಾಗವೇ ಹಿಂದೆ ಬಿದ್ದಿದೆ. ಸಿರಿವಂತ ದೇಶಗಳಲ್ಲಿಯೂ ಸವಿಮಾತು ಸಿಕ್ಕಷ್ಟು ಸುಲಭವಾಗಿ ತಿಳಿವು ಸಿಕ್ಕುವುದಿಲ್ಲವೆಂದಾಯಿತು.

ನಮ್ಮಲ್ಲಿ ವ್ಯವಸ್ಥೆಗಳು ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿತು. ಮಗುವಿನೊಡನೆ ತಾಯಿಗೂ ತರಬೇತಿ ನೀಡುವ ಅಲ್ಲಿಯ ಪದ್ಧತಿ ಅನುಕರಣೀಯವಾದುದು. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿತು. ಉಪಕಾರವೆಂದು ಬಗೆಯುತ್ತಿದ್ದುದು ಈಗ ಹಕ್ಕಾಗಿದೆ. ಹಕ್ಕನ್ನು ಪಡೆದವನು ಕೃತಜ್ಞನಾಗಿರಲಿ, ತಪ್ಪೇನಿಲ್ಲ. ಆದರೆ ಕೊಟ್ಟದ್ದು ಸಾಲದೆಂದು ಹೇಳುವ ಧೈರ್ಯವೂ ಅವನಿಗಿರಬೇಕು.

ಆ ಧೈರ್ಯ ಭಾಷೆಯಿಂದ ಬರುತ್ತದೆ. ವ್ಯಾಯಾಮದ ಕ್ರಮವನ್ನು ಕನ್ನಡದಲ್ಲಿ, ಚಿತ್ರಸಹಿತವಾಗಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರೆ ಆಗುವ ವೆಚ್ಚವೆಷ್ಟು? ಓದು ಬಾರದ ತಾಯಿಯ ಕೈಯಲ್ಲೇ ಒಮ್ಮೆ ಮಾಡಿಸಿ ನೋಡುವುದಕ್ಕೆ ಹಿಡಿಯುವ ಹೊತ್ತೆಷ್ಟು? ಆಸ್ಪತ್ರೆಯವರು ಮನೆಯವರನ್ನು "ತೃಪ್ತಿಯಾಯಿತೇ?" ಎಂದು ಕೇಳುವ ಮುನ್ನ, "ನಾವು ಹೇಳಿದ್ದು ತಿಳಿಯಿತೇ? ಮನೆಯಲ್ಲಿ ಮಾಡಲಾಗುತ್ತಿದೆಯೇ? ಆಗದಿದ್ದರೆ ಅಡ್ಡಿಯೇನು?" ಎಂದು ಕೇಳಲಿ. ಉತ್ತರ ಬರುವವರೆಗೆ ಕಾಯುವ ತಾಳ್ಮೆಯೊಂದು ಅವರಿಗಿದ್ದರೆ, ಆ ಉತ್ತರದಿಂದಲೇ ಚಿಕಿತ್ಸೆ ತಿದ್ದಿಕೊಂಡೀತು.