ಇಂಗ್ಲಿಷು ಓದುವ ಕನ್ನಡ ವಿದ್ಯಾರ್ಥಿಗೆ
(ದೊಡ್ಡಬಳ್ಳಾಪುರದಲ್ಲಿ ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇಂಗ್ಲಿಷು ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಿಮ್ಮ ಮುಂದೆ ಕನ್ನಡದಲ್ಲಿ ಮಾತನಾಡಲು ನಿಂತಿರುವೆವು. ಇದು ಕೆಲವರಿಗೆ ವಿಪರೀತವಾಗಿ ತೋರಬಹುದು. ನಮಗಂತೂ ಇದಕ್ಕಿಂತ ಸಹಜವಾದುದು ಬೇರೊಂದಿಲ್ಲವೆಂದು ತೋರುತ್ತದೆ. ಏಕೆಂಬುದನ್ನು ನಿವೇದಿಸುವುದೇ ಈ ಸಂಜೆಯ ಕಾರ್ಯ.

ನಿಮ್ಮ ಕಿವಿಯಲ್ಲಿ ಎರಡು ಬಗೆಯ ಬುದ್ಧಿವಾದಗಳು ಸದಾ ಬೀಳುತ್ತಿರುವುವು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾದಂದಿನಿಂದ ನಮ್ಮ ತಾಲ್ಲೂಕುಗಳ ಮನೆಮನೆಯಲ್ಲಿಯೂ "ಇಂಗ್ಲಿಷು ಕಲಿತರೆ ಅನ್ನ, ಕನ್ನಡದಿಂದೇನು?" ಎಂಬ ಮಾತು ಬೆಳೆದಿದೆ. ಇತ್ತ ಭಾಷಾಭಿಮಾನಿಗಳಲ್ಲಿ ಕೆಲವರು "ಪರಭಾಷೆಯ ಸಾಹಿತ್ಯಕ್ಕೆ ಮೂರು ವರ್ಷ ಸುರಿಯುವುದೇಕೆ?" ಎಂದು ಮೂದಲಿಸುವರು. ಈ ಎರಡರ ನಡುವೆ ಸಿಕ್ಕ ವಿದ್ಯಾರ್ಥಿಯು ಮಾಡುವುದೇನು? ಅಂಗಡಿಗೆ ಹೋಗಿ ಒಂದು ಗೈಡನ್ನು ಕೊಂಡು, ಅದರೊಳಗಿನ ಉತ್ತರಗಳನ್ನು ಉರುಹೊಡೆದು, ಪರೀಕ್ಷೆಯಲ್ಲಿ ಇಳಿಸಿ ಬರುವನು. ಷೇಕ್ಸ್‌ಪಿಯರನ ಮೂಲದಿಂದ ಹತ್ತು ಪುಟವನ್ನೂ ಓದದೆ ಷೇಕ್ಸ್‌ಪಿಯರನ ಮೇಲೆ ಅಂಕ ಗಳಿಸುವ ಈ ವಿದ್ಯೆಯಿಂದ ಅವನಿಗೆ ಇಂಗ್ಲಿಷೂ ಬರಲಿಲ್ಲ, ಕೈಯಲ್ಲಿದ್ದ ಕನ್ನಡವೂ ಬೆಳೆಯಲಿಲ್ಲ. ನಾವು ಅಂಜುವುದು ಇದಕ್ಕೆ. ಬುದ್ಧಿವಂತ ತರುಣನೊಬ್ಬನು ಎರಡು ಭಾಷೆಗಳ ನಡುವೆ ಮೂಕನಾಗಿ ಹೋದರೆ ಆ ನಷ್ಟವು ಅವನೊಬ್ಬನದಲ್ಲ.

ನಮ್ಮ ಹಿರಿಯರು ಇಂಗ್ಲಿಷನ್ನು ಓದಿದ ರೀತಿಯೇ ಬೇರೆ. ಬಿ. ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷು ಅಧ್ಯಾಪಕರು. ಮೊದಲು ಮೈಸೂರಿನ ಮಹಾರಾಜಾ ಕಾಲೇಜು, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಆ ಇಂಗ್ಲಿಷು ಮೇಷ್ಟರು ೧೯೧೧ರಲ್ಲಿ, ಅಂದರೆ ತಮ್ಮ ೨೭ನೆಯ ವಯಸ್ಸಿನಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡವು ತಲೆಯೆತ್ತುವ ಬಗೆ ಯಾವುದೆಂದು ಭಾಷಣ ಮಾಡಿದರು. ಧಾರವಾಡವು ಆಗ ಮುಂಬಯಿ ಆಧಿಪತ್ಯದಲ್ಲಿತ್ತು. ಮೈಸೂರು ಬೇರೊಂದು ಸಂಸ್ಥಾನ. ೧೯೫೬ರ ನವೆಂಬರು ೧ಕ್ಕೆ ಇನ್ನೂ ೪೫ ವರ್ಷಗಳಿದ್ದುವು. ನಾಡು ಒಂದಾಗುವುದಕ್ಕೆ ಮುಂಚೆಯೇ ಮಾತು ಗಡಿಯನ್ನು ದಾಟಿತ್ತು. ದಾಟಿಸಿದವರು ಇಂಗ್ಲಿಷು ಓದಿದವರು ಎಂಬುದನ್ನು ಅಭಿಮಾನಿಗಳು ಮನಗಾಣಬೇಕು.

೧೯೨೦ರ ದಶಕದಲ್ಲಿ ಬಂದ ಅವರ 'ಇಂಗ್ಲಿಷ್ ಗೀತಗಳು' ಎಂಬ ಚಿಕ್ಕ ಹೊತ್ತಗೆಯು ಮಾಡಿದ ಕೆಲಸವನ್ನು ನೀವು ಕನ್ನಡ ತರಗತಿಯಲ್ಲಿ ಕೇಳಿರುತ್ತೀರಿ. ಅದನ್ನು ಇಂಗ್ಲಿಷು ತರಗತಿಯ ಕಣ್ಣಿನಿಂದಲೂ ಒಮ್ಮೆ ನೋಡಿರಿ. ನ್ಯೂಮನ್ನನು ೧೮೩೩ರಲ್ಲಿ ಮೆಡಿಟರೇನಿಯನ್ ಸಮುದ್ರದ ನಡುವೆ ಹಡಗಿನಲ್ಲಿ ಬರೆದ ಪ್ರಾರ್ಥನಾಗೀತವು ಇಂದು ಕನ್ನಡ ಶಾಲೆಗಳಲ್ಲಿ ಮಕ್ಕಳ ಬಾಯಲ್ಲಿದೆ. ಹಾಡುವವರಲ್ಲಿ ಬಹುಮಂದಿಗೆ ಅದು ಅನುವಾದವೆಂಬುದೇ ತಿಳಿಯದು. ಎರಡನ್ನೂ ಎದುರೆದುರಿಗೆ ಇಟ್ಟುಕೊಂಡು, ಎಲ್ಲಿ ಅನುವಾದಕನು ಮೂಲವನ್ನು ಬಿಟ್ಟನು, ಏಕೆ ಬಿಟ್ಟನು, ಬಿಟ್ಟದ್ದರಿಂದ ಗಳಿಸಿದ್ದೇನು ಎಂದು ಒಂದು ಸಂಜೆ ಕುಳಿತು ನೋಡಿದರೆ, ಗೈಡಿನ ನೂರು ಪುಟಗಳು ಕಲಿಸದಷ್ಟನ್ನು ಕಲಿಯುವಿರಿ. ದ್ವಿತೀಯಾಕ್ಷರ ಪ್ರಾಸದ ಕಟ್ಟು ಸಡಿಲವಾದುದು ಹೀಗೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳು ಅದನ್ನು ೧೯೧೧ರಲ್ಲಿಯೇ ತೊರೆದಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ.

ನಮ್ಮ ಹೊಸಕೋಟೆಗೆ ನೆರೆಯಾದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮದರಾಸಿನಲ್ಲಿ ಇಂಗ್ಲಿಷು ಎಂ. ಎ. ಮಾಡಿದವರು, ಬರೆದದ್ದು ಸಣ್ಣ ಕಥೆಗಳನ್ನು, ಅದೂ ಹಳ್ಳಿಯ ಹಿರಿಯರು ಜಗಲಿಯ ಮೇಲೆ ಕುಳಿತು ಹೇಳುವ ಕನ್ನಡದಲ್ಲಿ. ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿಯೇ ಪದ್ಯ ಬರೆದು ೧೯೨೨ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ್ದರು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರೆಂದರು. ಪರದೇಶದ ಕವಿಯು ಹೇಳಬೇಕಾಯಿತಲ್ಲಾ ಎಂದು ನಾವು ನಾಚಬೇಕಾಗಿಲ್ಲ; ಇಂಗ್ಲಿಷು ತನಗೆ ತಾಯಿಮಾತಾಗಿದ್ದವನಿಗೆ ಅದು ಇನ್ನೊಬ್ಬನಿಗೆ ಎಲ್ಲಿ ಎಟುಕುವುದಿಲ್ಲವೆಂಬುದು ಬೇಗನೆ ಕಾಣುವುದು ಸಹಜ. ಇನ್ನು ವಿನಾಯಕ ಕೃಷ್ಣ ಗೋಕಾಕರು: ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷು ಪ್ರಾಧ್ಯಾಪಕರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು ೧೯೮೧ರಲ್ಲಿ ಬಂದ ವರದಿಗೆ ಅವರದೇ ಹೆಸರು. ಇಂಗ್ಲಿಷು ಓದಿದವನು ಕನ್ನಡಕ್ಕೆ ದೂರವಾಗುವನೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಇಷ್ಟೆಲ್ಲ ದೊಡ್ಡವರ ಮಾತಾಯಿತು. ನಿಮ್ಮ ಊರಿಗೆ ಬರೋಣ.

ಷೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಬಾಟಮ್ ಎಂಬ ಪಾತ್ರವೊಂದಿದೆ. ಅವನು ನೇಕಾರ. 'ಬಾಟಮ್' ಎಂದರೆ ಆ ಕಾಲದ ನೇಕಾರರ ಮಾತಿನಲ್ಲಿ ನೂಲು ಸುತ್ತುವ ಒಂದು ಸಾಧನ. ಇಂಗ್ಲೆಂಡಿನ ವಿದ್ಯಾರ್ಥಿಯು ಈ ಸಂಗತಿಯನ್ನು ಟಿಪ್ಪಣಿ ನೋಡಿ ತಿಳಿಯಬೇಕು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯಿಂದ ಬಂದ ಹುಡುಗಿಯಾದರೋ ಕಂಡಿಕೆ ಸುತ್ತಿದ ಕೈಯಿಂದಲೇ ಪುಟ ಮಗುಚುವಳು. ಈ ಬಾಟಮನು ಬಡಗಿ, ದರ್ಜಿ, ಕಲಾಯಿಗಾರ ಮೊದಲಾದ ಗೆಳೆಯರೊಡನೆ ಅರಸನ ಮದುವೆಗೆಂದು ನಾಟಕ ಕಲಿಯುವನು. ನಾಯಕನ ಪಾತ್ರ ಸಿಕ್ಕಿದರೂ ನಾಯಿಕೆಯೂ ತಾನೇ ಆಗಬೇಕು, ಸಿಂಹವೂ ತಾನೇ ಆಗಬೇಕು. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟರು ಬಂದು ಪಾತ್ರ ಹಂಚುವ ರಾತ್ರಿ, ದುರ್ಯೋಧನನ ಪಾತ್ರಕ್ಕಾಗಿ ನಡೆಯುವ ಜಗಳವನ್ನು ನೋಡಿದವರಿಗೆ ಈ ದೃಶ್ಯಕ್ಕೆ ಗೈಡು ಬೇಕೆ? ಆದರೂ ಉತ್ತರಪತ್ರಿಕೆಯಲ್ಲಿ "ಬಾಟಮನು ಹಾಸ್ಯಪಾತ್ರ" ಎಂಬ ಒಣ ವಾಕ್ಯವನ್ನೇ ಬರೆದು ಬರುವಿರಿ. ಕಂಡದ್ದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ.

ಈ ನಾಟಕವನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬರು ಪಕ್ಕದ ದೇವನಹಳ್ಳಿಯಲ್ಲಿ ೧೯೩೬ರಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದರು. ಅವರು ಕಲಿಸುತ್ತಿದ್ದುದು ಭೂವಿಜ್ಞಾನ! ಕಲ್ಲುಗಳ ಮೇಷ್ಟರು ಷೇಕ್ಸ್‌ಪಿಯರನನ್ನು ಕನ್ನಡಿಸಿರುವಾಗ ಇಂಗ್ಲಿಷು ಐಚ್ಛಿಕದವರು ಕೈಕಟ್ಟಿ ಕುಳಿತಿರುವುದು ಸರಿಯೆ?

ಜಾರ್ಜ್ ಎಲಿಯಟ್ಟಳ 'ಸೈಲಸ್ ಮಾರ್ನರ್' ೧೮೬೧ರಲ್ಲಿ ಬಂದ ಕಾದಂಬರಿ. ಅದರ ನಾಯಕನೂ ನೇಕಾರನೇ. ಅವನ ಮಗ್ಗದ ಸದ್ದು ಆ ಹಳ್ಳಿಗೆ ಅಪರಿಚಿತವಾದುದರಿಂದ ಹುಡುಗರು ಭಯದಿಂದಲೂ ಕುತೂಹಲದಿಂದಲೂ ಕಿಟಕಿಯಲ್ಲಿ ಇಣುಕುವರು. ನಿಮಗೆ ಅಪರಿಚಿತವಾದುದು ಮಗ್ಗದ ಸದ್ದಲ್ಲ, ಸದ್ದು ನಿಂತ ಮೌನ. ವಿದ್ಯುತ್ತು ಹೋದಾಗ, ನೂಲಿನ ಬೆಲೆ ಏರಿದಾಗ ಬೀದಿಗೆ ಕವಿಯುವ ಆ ಮೌನವನ್ನು ಬಲ್ಲ ಓದುಗನು ಎಲಿಯಟ್ಟಳ ಆ ಪುಟವನ್ನು ಲಂಡನ್ನಿನ ಓದುಗನಿಗಿಂತ ಬೇರೆಯಾಗಿ ಓದುವನು. ನೆಲಮಂಗಲದ ರಾಗಿ ಹೊಲದಿಂದ ಬಂದವನ ಪಾಡೂ ಹೀಗೆಯೇ. ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಡ್ಜ್' ಕಾದಂಬರಿಯಲ್ಲಿ ಬಿತ್ತುವ ಹೊಸ ಯಂತ್ರವೊಂದು ಪೇಟೆಗೆ ಬಂದಾಗ ಜನರೆಲ್ಲ ಮುತ್ತಿಕೊಂಡು ನೋಡುವರು. ಸಾಲಿನಲ್ಲಿ ಬೀಜ ಬೀಳಿಸುವ ಕೂರಿಗೆಯನ್ನು ತಲೆತಲಾಂತರದಿಂದ ಹೂಡಿದ ಮನೆಯವನಿಗೆ ಅಲ್ಲಿ ಒಂದು ನಗೆಯೂ ಬರುವುದು, ಒಂದು ಪ್ರಶ್ನೆಯೂ ಹುಟ್ಟುವುದು. ಆ ಪ್ರಶ್ನೆಯೇ ನಿಮ್ಮ ಪ್ರಬಂಧದ ಮೊದಲ ವಾಕ್ಯವಾಗಲಿ.

ಇಂಗ್ಲಿಷಿನಲ್ಲಿ ಬರೆಯಲೇಬಾರದೆಂದು ನಾವು ಹೇಳುವವರಲ್ಲ. ಇದೇ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ೧೯೫೪ರಲ್ಲಿ ಹುಟ್ಟಿದ ಡಿ. ಆರ್. ನಾಗರಾಜರು ಓದಿದ್ದು ಕನ್ನಡ ಎಂ. ಎ.; ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಲಿಸಿದ್ದೂ ಕನ್ನಡವನ್ನೇ. ಹಾಗಿದ್ದೂ ದಲಿತ ಚಳವಳಿಯನ್ನು ಕುರಿತು ೧೯೯೩ರಲ್ಲಿ 'ದಿ ಫ್ಲೇಮಿಂಗ್ ಫೀಟ್' ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದರು. ಅದನ್ನು ದೇಶ ವಿದೇಶಗಳ ವಿದ್ವಾಂಸರು ಓದುತ್ತಿದ್ದಾರೆ. ೧೯೯೮ರಲ್ಲಿ, ೪೪ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಕನ್ನಡಕ್ಕಾದ ತುಂಬಲಾರದ ಹಾನಿ. ಅವರ ಇಂಗ್ಲಿಷಿನ ಹಿಂದೆ ವಚನಕಾರರೂ ಅಲ್ಲಮನೂ ಇದ್ದುದರಿಂದ ಆ ಬರಹಕ್ಕೆ ತೂಕ ಬಂದಿತು. ಬರಿಗೈಯಲ್ಲಿ ಹೋದವನನ್ನು ಯಾವ ಭಾಷೆಯೂ ಆದರಿಸದು. ವ್ಯಾಕರಣ ತಪ್ಪೀತೆಂದು ಅಂಜುವವರಿಗೆ ಇನ್ನೊಂದು ಮಾತು: ಆರ್. ಕೆ. ನಾರಾಯಣರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದು ಇಂಗ್ಲಿಷಿನಲ್ಲಿಯೇ!

'ಟೆಕ್ಸ್ಟ್' ಎಂಬ ಶಬ್ದವನ್ನು ನೀವು ದಿನಕ್ಕೆ ಹತ್ತು ಬಾರಿ ಕೇಳುವಿರಷ್ಟೆ. ಅದರ ಮೂಲವು ನೇಯುವುದೆಂಬರ್ಥದ ಲ್ಯಾಟಿನ್ ಧಾತು. ನಮ್ಮ ಪಂಡಿತರು ಮಾತು ಮಾತಿಗೆ ಬಳಸುವ 'ಹಾಸುಹೊಕ್ಕು' ಬಂದುದೂ ಮಗ್ಗದಿಂದಲೇ. ಇಂತಹ ಶಬ್ದಗಳು ನಿಮ್ಮ ಅಜ್ಜಿಯರ ಬಾಯಲ್ಲಿ ಇನ್ನೂ ಎಷ್ಟಿವೆಯೋ. ಅವು ನಿಘಂಟನ್ನು ಸೇರುವ ಮೊದಲೇ ಮಗ್ಗಗಳು ಕೆಲವು ಮನೆಗಳಿಂದ ಹೊರಬೀಳುತ್ತಿವೆ, ಹೊಲಗಳು ನಿವೇಶನಗಳಾಗುತ್ತಿವೆ. ಬರೆದಿಡಬಲ್ಲವರು ನೀವು.

ಆದುದರಿಂದ ನಾವು ಕೇಳುವುದು ಅಲ್ಪವಾದುದು. ವಾರಕ್ಕೊಮ್ಮೆ ನಿಮ್ಮ ಪಠ್ಯದಿಂದ ಒಂದೇ ಪುಟವನ್ನು ಕನ್ನಡಕ್ಕೆ ತನ್ನಿರಿ; ಒಂದು ವಾಕ್ಯವೂ ಬಾರದೆ ಹಟ ಹಿಡಿದು ನಿಂತ ಕಡೆ ಗುರುತು ಹಾಕಿರಿ; ಅಲ್ಲಿಯೇ ಎರಡು ಭಾಷೆಗಳ ಸ್ವಭಾವವೂ ತಿಳಿಯುವುದು. ಇನ್ನೊಂದು ಪುಟದಲ್ಲಿ ನಿಮ್ಮ ಬೀದಿಯ ಸಂಗತಿಯೊಂದನ್ನು ಯಾವ ಭಾಷೆಯಲ್ಲಿ ಬರುವುದೋ ಆ ಭಾಷೆಯಲ್ಲಿ ಬರೆಯಿರಿ. ಗೆಳೆಯರೆದುರಿಗೆ ಗಟ್ಟಿಯಾಗಿ ಓದಿರಿ, ನಕ್ಕರೆ ನಗಲಿ. ಬಾಟಮನ ನಾಟಕದ ತಾಲೀಮಿನ ದೃಶ್ಯದಿಂದಲೇ ಪ್ರಾರಂಭಿಸಬಹುದು. ಅದನ್ನು ದೊಡ್ಡಬಳ್ಳಾಪುರದ ಮಾತಿನಲ್ಲಿ ನೀವು ಬರೆದು ತಂದರೆ, ಕೇಳಲು ನಾವು ಮತ್ತೊಮ್ಮೆ ಬರುವೆವು. ನಿಮ್ಮ ಅಧ್ಯಾಪಕರನ್ನು ದಿನ ಗೊತ್ತುಮಾಡಬೇಕೆಂದು ಈಗಲೇ ಬೇಡಿದ್ದೇವೆ.