ಕೂಸಿನ ಕಣ್ಣಿನ ಫೋಟೋಗೆ ನಮ್ಮ ನಿಧಿ ಏಕೆ?

(ವಿಶಾಖಪಟ್ಟಣದಲ್ಲಿ ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತು)

ಅಧ್ಯಕ್ಷರೇ, ವಿಜಯವಾಡದಿಂದ ಬಂದಿರುವ ಬಂಧುಗಳೇ, ತಾಯಂದಿರೇ,

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಲೆಕ್ಕದವನ ಮಾತಿನಲ್ಲೇ ಹೇಳುತ್ತೇನೆ.

ಬಸುರಿಗೆ ರುಬೆಲ್ಲಾ ಅಥವಾ ಸೈಟೊಮೆಗಲೊವೈರಸ್ ಸೋಂಕು ತಗುಲಿದರೆ ಅದು ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಹುದು. ತಾಯಿಗೆ ಸಣ್ಣ ಜ್ವರ, ಕೆಲವೊಮ್ಮೆ ಅದೂ ಇಲ್ಲ. ಪೆಟ್ಟು ಬೀಳುವುದು ಮಗುವಿನ ಕಣ್ಣಿಗೆ, ಕಿವಿಗೆ. ರುಬೆಲ್ಲಾದಲ್ಲಿ ಹೃದಯಕ್ಕೂ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದ ಕೂಸುಗಳನ್ನು ನೋಡಿ, ತಾಯಂದಿರನ್ನು ವಿಚಾರಿಸಿ, 1941ರಲ್ಲಿ ಆಸ್ಟ್ರೇಲಿಯಾದ ವೈದ್ಯ ನಾರ್ಮನ್ ಗ್ರೆಗ್ ರುಬೆಲ್ಲಾದ ಈ ನಂಟನ್ನು ತೋರಿಸಿಕೊಟ್ಟರು.

ಪೊರೆ ಬೆಳ್ಳಗೆ ಹೊರಗೇ ಕಾಣಬಹುದು. ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಕೆಟ್ಟಿದ್ದರೆ ಹೆತ್ತವರಿಗೆ ಕಾಣದು. ಹನಿ ಹಾಕಿ ಪಾಪೆ ಅಗಲಿಸಿ, ಕಣ್ಣನ್ನು ಜೋಮು ಹಿಡಿಸಿ, ಕೂಸುಗಳಿಗೆಂದೇ ಇರುವ ಕ್ಯಾಮೆರಾದಿಂದ ಫೋಟೋ ತೆಗೆಯುತ್ತಾರೆ. ರುಬೆಲ್ಲಾ ಇದ್ದರೆ ಉಪ್ಪು-ಮೆಣಸು ಉದುರಿಸಿದಂಥ ಚುಕ್ಕೆಗಳು, ಸೈಟೊಮೆಗಲೊ ಇದ್ದರೆ ಉರಿಯೂತದ ಕಲೆಗಳು ಕಾಣಬಹುದು. ಒಂದು ಫೋಟೋ ಸಾಲದು. ಹಿಂದಿನ ಬಾಕಿ ಗೊತ್ತಿಲ್ಲದೆ ಪಾಸ್‌ಬುಕ್ ಓದಲಾಗದು. ಕಲೆ ಬೆಳೆಯಿತೇ, ನಿಂತಿತೇ ಎಂಬುದು ಎರಡು ಫೋಟೋ ಪಕ್ಕಪಕ್ಕ ಇಟ್ಟಾಗಲೇ ತಿಳಿಯುವುದು.

ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಇಂಥ ಕ್ಯಾಮೆರಾವನ್ನು ಜಿಲ್ಲಾ ಊರುಗಳಿಗೇ ಒಯ್ಯುತ್ತಿದೆ. ಕಾಯಿಲೆ ಬೇರೆ, ದಾರಿ ಅದೇ. ನಮ್ಮ ಎರಡೂ ಊರುಗಳಲ್ಲಿ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಕೇಂದ್ರಗಳಿವೆ. ಆದರೂ ದಿನಗೂಲಿಯ ಮೇಲೆ ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗೆ ಮಗುವನ್ನು ಮತ್ತೆ ಮತ್ತೆ ಕರೆತರುವುದೆಂದರೆ ಕೂಲಿಯೂ ಹೋಯಿತು, ಆಟೋ ಬಾಡಿಗೆಯೂ ಹೋಯಿತು. ಎರಡನೆಯ ಭೇಟಿ ತಪ್ಪುವುದು ಇಲ್ಲೇ.

ಇನ್ನೊಂದು ಗಡುವಿದೆ. ಸೈಟೊಮೆಗಲೊ ಹುಟ್ಟಿನಿಂದಲೇ ಬಂದದ್ದೇ ಎಂದು ಖಚಿತವಾಗಬೇಕಾದರೆ 21 ದಿನದೊಳಗೆ ಮೂತ್ರ ಇಲ್ಲವೇ ಜೊಲ್ಲಿನ ಪರೀಕ್ಷೆ ಆಗಬೇಕು. ನಮ್ಮಲ್ಲಿ ಅದು ಬಾಣಂತಿ ಹೊಸಿಲು ದಾಟದ ಕಾಲ. ಅಜ್ಜಿಯಂದಿರೇ, ವೈದ್ಯರು ಬರಹೇಳಿದರೆ ದಯವಿಟ್ಟು ಕಳುಹಿಸಿಕೊಡಿ.

ರುಬೆಲ್ಲಾ ತಡೆಯಲು ಲಸಿಕೆಯಿದೆ: ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಬಸಿರಿನಲ್ಲಿ ಹಾಕುವಂತಿಲ್ಲ, ಮದುವೆಯಾಗಲಿರುವ ಹೆಣ್ಣುಮಕ್ಕಳು ಮೊದಲೇ ವೈದ್ಯರನ್ನು ಕೇಳಲಿ.

ನಾನು ಕೇಳುತ್ತಿರುವುದು ಕ್ಯಾಮೆರಾದ ಬೆಲೆಯನ್ನಲ್ಲ. ಪರೀಕ್ಷೆಯ ಶುಲ್ಕ, ಬಂದುಹೋಗುವ ಖರ್ಚು, ತಪ್ಪಿದ ದಿನದ ಕೂಲಿ, ಇಷ್ಟೇ. ಕೈಲಾದಷ್ಟು ಕೊಡಿ. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ, ಲೆಕ್ಕವನ್ನು ಈ ಪತ್ರಿಕೆಯಲ್ಲೇ ಒಪ್ಪಿಸುತ್ತೇವೆ.