ಶ್ರೇಷ್ಠ ದಾಂಡಿಗ ಯಾರು? ಅಂಕಿಗಳು ಹೇಳುವುದೆಷ್ಟು?



ಟೆಸ್ಟ್ ಕ್ರಿಕೆಟ್ಟಿನ ಸರ್ವಶ್ರೇಷ್ಠ ದಾಂಡಿಗ ಯಾರು ಎಂಬ ವಾದ ಹತ್ತಿಕೊಂಡರೆ ಕೊನೆಗೆ ಎಲ್ಲರೂ ಮೊರೆಹೋಗುವುದು ಅಂಕಿಸಂಖ್ಯೆಗಳಿಗೆ. ಅಂಕಿಗಳಿಗೆ ಪಕ್ಷಪಾತವಿಲ್ಲ ಎಂಬುದು ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಒರೆಗೆ ಹಚ್ಚಿ ನೋಡಬೇಕು.

ಮೊದಲನೆಯದು ಸರಾಸರಿ. ಗಳಿಸಿದ ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ 1928ರಿಂದ 1948ರವರೆಗೆ 52 ಟೆಸ್ಟ್‌ಗಳಲ್ಲಿ 6996 ರನ್ ಗಳಿಸಿದರು. ಔಟಾದದ್ದು 70 ಸಲ. ಸರಾಸರಿ 99.94. ಓವಲ್ ಮೈದಾನದಲ್ಲಿ ಆಡಿದ ಕೊನೆಯ ಇನಿಂಗ್ಸ್‌ನಲ್ಲಿ ಅವರು ಎರಿಕ್ ಹೋಲಿಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆದರು. ಅಂದು ನಾಲ್ಕೇ ರನ್ ಬಂದಿದ್ದರೂ ಸರಾಸರಿ ಸರಿಯಾಗಿ ನೂರಾಗುತ್ತಿತ್ತು.

ಇನ್ನು ದೀರ್ಘಕಾಲ ಆಡಿದ ಇತರರನ್ನು ನೋಡಿ. ಸಚಿನ್ ತೆಂಡೂಲ್ಕರ್ 53.78, ಬ್ರಯಾನ್ ಲಾರಾ 52.88, ರಾಹುಲ್ ದ್ರಾವಿಡ್ 52.31, ಸುನಿಲ್ ಗಾವಸ್ಕರ್ 51.12. ಈ ನಾಲ್ವರ ನಡುವಿನ ಅಂತರ ಮೂರು ರನ್ ಕೂಡ ಇಲ್ಲ. ಬ್ರಾಡ್ಮನ್ನರನ್ನು ನಿಸ್ಸಂದೇಹವಾಗಿ ಮೇಲೆ ಕೂರಿಸುವ ಸರಾಸರಿ, ಎರಡನೆಯವರು ಯಾರೆಂದು ಕೇಳಿದರೆ ತಡವರಿಸುತ್ತದೆ.

ಬರೀ ಸರಾಸರಿ ನೋಡಿದರೆ ದಕ್ಷಿಣ ಆಫ್ರಿಕದ ಗ್ರೇಮ್ ಪೊಲಾಕ್ (60.97), ವೆಸ್ಟ್ ಇಂಡೀಸಿನ ಜಾರ್ಜ್ ಹೆಡ್ಲಿ (60.83) ಇವರೆಲ್ಲರಿಗಿಂತ ಮುಂದೆ. ಆದರೆ ಪೊಲಾಕ್ ಆಡಿದ್ದು 23 ಟೆಸ್ಟ್, ಹೆಡ್ಲಿ 22. ಒಬ್ಬರ ಟೆಸ್ಟ್ ಬದುಕು ವರ್ಣಭೇದ ನೀತಿಯ ಕಾರಣ ದೇಶಕ್ಕೆ ಬಹಿಷ್ಕಾರ ಬಿದ್ದು 1970ರಲ್ಲಿ ಮುಗಿಯಿತು. ಇನ್ನೊಬ್ಬರ ಉತ್ತಮ ವರ್ಷಗಳನ್ನು ಮಹಾಯುದ್ಧ ನುಂಗಿತು. 200 ಟೆಸ್ಟ್ ಆಡಿದ ತೆಂಡೂಲ್ಕರ್ ಜೊತೆ ಇವರನ್ನು ತೂಗುವುದು ಹೇಗೆ?

ಈ ಕೊರತೆ ನೀಗಲು 1987ರಲ್ಲಿ ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್ಟರ್ ಮುತುವರ್ಜಿಯಿಂದ ರೇಟಿಂಗ್ ಪದ್ಧತಿಯೊಂದು ಆರಂಭವಾಯಿತು. ಎದುರಾಳಿ ಬೌಲರುಗಳ ಸಾಮರ್ಥ್ಯ, ಆ ಪಂದ್ಯದಲ್ಲಿ ರನ್ ಗಳಿಕೆ ಎಷ್ಟು ಕಷ್ಟವಾಗಿತ್ತು ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಸಾವಿರದೊಳಗೆ ಅಂಕ ಕೊಡುವ ಕ್ರಮವಿದು. ಅದರಲ್ಲೂ 961 ಅಂಕದ ಬ್ರಾಡ್ಮನ್ನರೇ ಮೊದಲಿಗರು. 947 ಮುಟ್ಟಿದ ಸ್ಟೀವ್ ಸ್ಮಿತ್ ನಂತರದವರು. ಆದರೆ ಇವು ಆಟಗಾರ ಉತ್ತುಂಗದಲ್ಲಿದ್ದಾಗಿನ ಅಂಕಗಳು, ಇಡೀ ಬದುಕಿನ ಮೌಲ್ಯಮಾಪನವಲ್ಲ.

ಸರಾಸರಿಯ ಕಣ್ಣಿಗೆ ಬೀಳದ್ದು ಏನೆಂಬುದಕ್ಕೆ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನಿದರ್ಶನ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಾಗ ಭಾರತ ಗಳಿಸಿದ್ದು ಬರೀ 190. ಅದರಲ್ಲಿ ವಿಶ್ವನಾಥರ ಪಾಲು ಅಜೇಯ 97. ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ಆದರೆ ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಜಾಗವಿಲ್ಲ. ಸಪ್ಪೆ ಪಿಚ್ಚಿನಲ್ಲಿ ಸಾಧಾರಣ ಬೌಲಿಂಗ್ ಎದುರು ಬಾರಿಸಿದ ಅಜೇಯ 97ಕ್ಕೂ ಇದಕ್ಕೂ ಸರಾಸರಿಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ವಿಶ್ವನಾಥರ ಒಟ್ಟು ಸರಾಸರಿ 41.93, ಶ್ರೇಷ್ಠರ ಯಾವ ಪಟ್ಟಿಯಲ್ಲೂ ಅದು ಮೇಲೇರದು.

ಹಾಗೆಂದು ಅಂಕಿಗಳನ್ನು ಬದಿಗೊತ್ತಬೇಕಿಲ್ಲ. ಅವಿಲ್ಲದಿದ್ದರೆ ಬ್ರಾಡ್ಮನ್ ಉಳಿದವರಿಗಿಂತ ಎಷ್ಟು ಎತ್ತರದಲ್ಲಿದ್ದರೆಂಬುದೇ ತಿಳಿಯುತ್ತಿರಲಿಲ್ಲ. ಆದರೆ ಪಟ್ಟಿ ಮಾಡುವವರು ಸರಾಸರಿಯ ಪಕ್ಕದಲ್ಲಿ ಆಯಾ ಪಂದ್ಯದ ಸ್ಕೋರುಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಎಷ್ಟು ರನ್ ಎಂಬುದರ ಜೊತೆಗೆ ಯಾರ ಎದುರು, ಎಂಥ ಪಿಚ್ಚಿನಲ್ಲಿ, ಜೊತೆಗಾರರು ಎಷ್ಟು ಗಳಿಸಿದಾಗ ಎಂದೂ ಕೇಳಬೇಕು. ಆಗಲೇ ಚೆಪಾಕ್‌ನ ಆ 97ಕ್ಕೆ ನ್ಯಾಯ ಸಿಗುವುದು.